ನಾಗಾವಿಯ ಸರಸ್ವತೀಭಂಡಾರಿಗರೂ ಬಾಡಿಗೆಯ ಸರ್ವರೂ

ಚಿತ್ತಾಪುರದ ಸಮೀಪದಲ್ಲಿ ನಾಗಾವಿ ಎಂಬ ಪ್ರಾಚೀನ ಸ್ಥಳವಿರುವುದನ್ನೂ, ಅಲ್ಲಿಯ ಅರುವತ್ತು ಕಂಬದ ಗುಡಿಯನ್ನೂ ಈ ಪತ್ರಿಕೆಯ ವಾಚಕರು ಬಲ್ಲರು. ಎಲ್ಲಮ್ಮನ ದರ್ಶನಕ್ಕೆ ಹೋದವರಲ್ಲಿ ಅನೇಕರು ಆ ಕಂಬಗಳ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದವರೇ ಆಗಿರುತ್ತಾರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. ೧೦೫೮ರಲ್ಲಿ, ದಂಡನಾಯಕ ಮಧುಸೂದನನು ಅಲ್ಲಿ ನೆಲೆಗೊಳಿಸಿದ ಘಟಿಕಾಸ್ಥಾನದ ವೃತ್ತಾಂತವು ಅಲ್ಲಿಯ ಶಾಸನದಲ್ಲಿ ಉಕ್ತವಾಗಿದೆ. ನಾಗಾವಿಯ ಶಾಸನಗಳನ್ನು ಸಿ. ಆರ್. ಕೃಷ್ಣಮಾಚಾರ್ಲು ಅವರು ಸಂಪಾದಿಸಿ, ೧೯೨೮ರಲ್ಲಿ ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮಾಲೆಯಲ್ಲಿ ಪ್ರಕಟಗೊಳಿಸಿದರು.

ಆ ಶಾಸನದಲ್ಲಿ ಇನ್ನೂರು ಮಂದಿ ವೇದಾಧ್ಯಾಯಿಗಳ ಮಾತು ಬರುತ್ತದೆ. ಉಪಾಧ್ಯಾಯರ ಮಾತು ಬರುತ್ತದೆ. ಇವುಗಳಲ್ಲಿ ನಮಗೆ ವಿಸ್ಮಯವೇನೂ ಇಲ್ಲ. ವಿದ್ಯಾಸ್ಥಾನವೆಂದ ಮೇಲೆ ಓದುವವರೂ ಓದಿಸುವವರೂ ಇರಲೇಬೇಕಷ್ಟೆ. ಆದರೆ ಅವರ ಸಂಗಡ ಆರು ಮಂದಿ ಸರಸ್ವತೀಭಂಡಾರಿಗರನ್ನು ಹೆಸರಿಸಿ, ಅವರಿಗೂ ವೃತ್ತಿಯನ್ನು ಕಲ್ಪಿಸಿರುವುದು ನಿಂತು ನೋಡತಕ್ಕ ಸಂಗತಿಯಾಗಿದೆ. ಇವರು ಗ್ರಂಥ ಬರೆದವರಲ್ಲ, ಪಾಠ ಹೇಳಿದವರೂ ಅಲ್ಲ. ಓಲೆಯ ಕಟ್ಟುಗಳನ್ನು ಕಾಯುವುದು, ಹುಳು ಹಿಡಿದುದನ್ನು ಬೇರ್ಪಡಿಸುವುದು, ಸವೆದುದನ್ನು ಪ್ರತಿಮಾಡಿಸುವುದು, ಕೇಳಿದವರಿಗೆ ಕೇಳಿದುದನ್ನು ತೆಗೆದುಕೊಡುವುದು, ಇವೇ ಅಂಥವರ ಕೆಲಸವಾಗಿದ್ದಿರಬೇಕು. ಒಂಬೈನೂರ ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಆರು ಮಂದಿಯ ನೆನಪನ್ನು ಇಲ್ಲಿ ಎತ್ತಲು ಕಾರಣವಿದೆ.

ಹತ್ತು ವರ್ಷಗಳ ಹಿಂದೆ ನಾವು ಕೆಲವರು ಮಿತ್ರರು ಕೂಡಿ ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ಶಾಸನಗಳ ಒಂದು ಸೂಚಿಯನ್ನು ಸಿದ್ಧಪಡಿಸಿ, ಊರು, ಅರಸ, ಶಕವರ್ಷ ಇವುಗಳಿಂದ ಹುಡುಕಲು ಬರುವಂತೆ ಒಂದು ಚಿಕ್ಕ ವೆಬ್ ಅಪ್ಲಿಕೇಶನ್ನಾಗಿ ಮಾಡಿ, ಬಾಡಿಗೆಗೆ ಹಿಡಿದ ಲಿನಕ್ಸ್ ವರ್ಚುವಲ್ ಸರ್ವರಿನಲ್ಲಿ ಇರಿಸಿದೆವು. ಅಂದಿನಿಂದ ಇಂದಿನವರೆಗೆ ವಾರ್ಷಿಕ ಲೆಕ್ಕದ ಸಭೆಯಲ್ಲಿ ಒಂದೇ ಪ್ರಶ್ನೆ ಬರುತ್ತಿದೆ: “ಒಮ್ಮೆ ಏರಿಸಿದ ಮೇಲೆ ಮುಗಿಯಿತಲ್ಲ, ತಿಂಗಳು ತಿಂಗಳು ಇದಕ್ಕೆ ಹಣವೇಕೆ, ಆಳೇಕೆ?” ಪ್ರಶ್ನೆ ಅನ್ಯಾಯದ್ದಲ್ಲ. ಪುಸ್ತಕವು ಒಮ್ಮೆ ಅಚ್ಚಾದರೆ ಕಪಾಟಿನಲ್ಲಿ ತಾನೇ ಇರುತ್ತದೆ. ಸರ್ವರು ಹಾಗೇಕೆ ಇರಲಾರದೆಂಬುದಕ್ಕೆ ಉತ್ತರವು ಆ ವಸ್ತುವಿನ ಚರಿತ್ರೆಯಲ್ಲಿಯೇ ಇದೆಯಾದುದರಿಂದ, ಆ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ‘ವರ್ಚುವಲ್’ ಎಂಬ ಮಾತು. ನಮ್ಮ ಶಹಾಬಾದಿನಲ್ಲಿ ಕಲ್ಲು ಹಾಸಿದ ಹಳೆಯ ವಾಡೆಯೊಂದನ್ನು ಊಹಿಸಿಕೊಳ್ಳಿರಿ. ಒಡೆಯನು ನಡುವೆ ಗೋಡೆಗಳನ್ನೆಬ್ಬಿಸಿ ಎಂಟು ಮನೆಗಳನ್ನಾಗಿ ಮಾಡಿ ಎಂಟು ಒಕ್ಕಲುಗಳಿಗೆ ಕೊಟ್ಟಿದ್ದಾನೆ. ಬಾವಿ ಒಂದೇ, ಹೆಬ್ಬಾಗಿಲು ಒಂದೇ. ಆದರೂ ಪ್ರತಿಯೊಂದು ಒಕ್ಕಲೂ ತನ್ನ ಕದ ಮುಚ್ಚಿಕೊಂಡ ಮೇಲೆ ಇಡೀ ವಾಡೆಯೇ ತನ್ನದೆಂಬಂತೆ ಬಾಳುತ್ತದೆ. ಒಂದು ದೊಡ್ಡ ಗಣಕಯಂತ್ರವನ್ನು ಇಂತು ಹಲವು ತೋರಿಕೆಯ ಯಂತ್ರಗಳಾಗಿ ಒಡೆಯುವ ಉಪಾಯವನ್ನು ಐಬಿಎಂ ಸಂಸ್ಥೆಯ ಕೇಂಬ್ರಿಜ್ ಶಾಖೆಯವರು ಅಮೆರಿಕೆಯಲ್ಲಿ ೧೯೬೦ರ ದಶಕದ ನಡುವಿನಲ್ಲಿಯೇ ಕಂಡುಕೊಂಡಿದ್ದರು. ೧೯೭೨ರಲ್ಲಿ ವಿಎಂ/೩೭೦ ಎಂಬ ಹೆಸರಿನಿಂದ ಅದು ಪೇಟೆಗೆ ಬಂದಿತು. ೧೯೭೪ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬಿಬ್ಬರು ವಿದ್ವಾಂಸರು ಇದಕ್ಕೆ ಲಕ್ಷಣವನ್ನು ಕಟ್ಟಿದರು. ಅದರ ಸಾರವು ಇಷ್ಟು: ಒಕ್ಕಲು ತನ್ನ ಅಧಿಕಾರ ಮೀರಿದ ಕೆಲಸಕ್ಕೆ ಕೈಯಿಕ್ಕಿದೊಡನೆ ಅದು ಒಡೆಯನ ಗಮನಕ್ಕೆ ಬಂದೇ ತೀರಬೇಕು, ತಿಳಿಯದಂತೆ ನಡೆದುಹೋಗುವ ಒಂದು ಕೆಲಸವಿದ್ದರೂ ವಾಡೆಯ ಕಟ್ಟುಪಾಡು ಕೆಟ್ಟಿತು.

ಮನೆಮನೆಗೆ ಬಂದ ಸಾಮಾನ್ಯ ಗಣಕಗಳಲ್ಲಿ ಈ ಲಕ್ಷಣವು ಇರಲಿಲ್ಲ. ಇಂಟೆಲ್ ಪೆಂಟಿಯಮ್ಮಿನಲ್ಲಿ ಅಂಥ ಹದಿನೇಳು ಆಜ್ಞೆಗಳು ಒಡೆಯನ ಕಣ್ಣು ತಪ್ಪಿಸಿ ನಡೆಯುತ್ತವೆಂದು ೨೦೦೦ದಲ್ಲಿ ಎಣಿಸಿ ತೋರಿಸಲಾಯಿತು. ಅಷ್ಟರಲ್ಲಿ ವಿಎಂವೇರ್ ಸಂಸ್ಥೆಯವರು ೧೯೯೯ರಲ್ಲಿ, ಆ ಆಜ್ಞೆಗಳನ್ನು ಓಡುವಾಗಲೇ ತಿದ್ದಿ ಬರೆಯುವ ಯುಕ್ತಿಯಿಂದ ತೊಡಕನ್ನು ದಾಟಿದ್ದರು. ೨೦೦೩ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಜೆನ್ ಎಂಬುದನ್ನು ಹೊರತಂದರು. ಇದರಲ್ಲಿ ಒಕ್ಕಲೇ ತಾನು ಒಕ್ಕಲೆಂದು ತಿಳಿದು ನಡೆದುಕೊಳ್ಳುವಂತೆ ಲಿನಕ್ಸನ್ನು ತಿದ್ದಿದ್ದರು. ೨೦೦೫–೦೬ರಲ್ಲಿ ಯಂತ್ರದ ತಯಾರಕರೇ ಸೋತು ತಮ್ಮ ಚಿಪ್ಪುಗಳಲ್ಲಿ ಈ ಸೌಕರ್ಯವನ್ನು ಇಟ್ಟರು. ೨೦೦೭ರ ಫೆಬ್ರವರಿಯಲ್ಲಿ ಕೆವಿಎಂ ಎಂಬ ಭಾಗವು ಲಿನಕ್ಸಿನ ಒಡಲಲ್ಲಿಯೇ ಸೇರಿತು. ಸಣ್ಣ ಬಾಡಿಗೆಗೆ ವರ್ಚುವಲ್ ಸರ್ವರುಗಳನ್ನು ಕೊಡುವ ವ್ಯಾಪಾರವನ್ನು ಲಿನೋಡ್ ೨೦೦೩ರಲ್ಲಿಯೂ, ಗಂಟೆಯ ಲೆಕ್ಕದಲ್ಲಿ ಕೊಡುವುದನ್ನು ಅಮೆಜಾನ್ ೨೦೦೬ರಲ್ಲಿಯೂ ಆರಂಭಿಸಿದುವು. ೨೦೧೬ರಲ್ಲಿ ಅಮೆಜಾನ್ ಮುಂಬಯಿಯಲ್ಲಿಯೂ ಡಿಜಿಟಲ್ ಓಶನ್ ಬೆಂಗಳೂರಿನಲ್ಲಿಯೂ ಯಂತ್ರಶಾಲೆಗಳನ್ನು ತೆರೆದ ಮೇಲೆ, ಚಿತ್ತಾಪುರದ ವಾಚಕನಿಗೆ ಚಿತ್ತಾಪುರದ ಶಾಸನವನ್ನು ತೋರಿಸಲು ಅಟ್ಲಾಂಟಿಕ್ ಸಾಗರವನ್ನು ದಾಟಬೇಕಾದ ಅವಶ್ಯಕತೆ ತಪ್ಪಿತು.

ಲಿನಕ್ಸಿನ ಹುಟ್ಟು ಎಲ್ಲರಿಗೂ ತಿಳಿದ ಕಥೆಯಾದುದರಿಂದ ಬೇಗನೆ ಹೇಳಿ ಮುಗಿಸುತ್ತೇನೆ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನುಸ್ ತೋರ್ವಾಲ್ಡ್ಸನು ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ೧೯೯೧ರ ಆಗಸ್ಟ್ ೨೫ರಂದು, ಅದರ ಸುದ್ದಿಯನ್ನು ಹೊರಗೆಡಹಿದನು. ಮರುವರ್ಷ ಅದನ್ನು ಗ್ನೂ ಪರವಾನಗಿಯ ಕೆಳಗೆ ತಂದನು. ನಮ್ಮ ನಾಡಿನಲ್ಲಿ ೧೯೯೫ರ ಆಗಸ್ಟ್ ೧೫ರಂದು ವಿಎಸ್‌ಎನ್‌ಎಲ್ ಸಂಸ್ಥೆಯು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಆದರೆ ಆ ಕಾಲದ ತಂತಿಯ ಮೇಲೆ ಲಿನಕ್ಸನ್ನು ಇಳಿಸಿಕೊಳ್ಳುವುದು ಭೀಮೆಯ ನೀರನ್ನು ಬೊಗಸೆಯಿಂದ ಹೊರುವಂಥ ಕೆಲಸ; ಪತ್ರಿಕೆಗಳ ಸಂಗಡ ಹಂಚಿದ ಸಿ.ಡಿ.ಗಳ ಮೂಲಕವೇ ಅದು ಊರೂರಿಗೆ ಹಬ್ಬಿತು. ೨೦೦೧ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವು ಈ ಹಬ್ಬುಗೆಯ ಒಂದು ಗುರುತು; ಅದನ್ನು ನಡೆಸಿದ ಅತುಲ್ ಚಿಟ್ನೀಸರು ೨೦೧೩ರಲ್ಲಿ ತೀರಿಕೊಂಡರು.

ಕನ್ನಡಕ್ಕೆ ಮಾತ್ರ ಇನ್ನೊಂದು ತೊಡಕು ಉಳಿದಿತ್ತು. ಅದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ೧೯೯೧ರ ಯೂನಿಕೋಡ್ ಸಂಹಿತೆಯಲ್ಲಿಯೇ ಕನ್ನಡಕ್ಕೆ ೧೨೮ ಮನೆಗಳ ಒಂದು ಕೇರಿಯನ್ನು ಕೊಟ್ಟಿದ್ದರು. ಆ ಅಂಕಿಗಳನ್ನು ಯಂತ್ರದಲ್ಲಿ ಬರೆದಿಡುವ ಯುಟಿಎಫ್-೮ ಎಂಬ ಪದ್ಧತಿಯನ್ನು ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ೧೯೯೨ರಲ್ಲಿ ನ್ಯೂಜರ್ಸಿಯ ಒಂದು ಊಟದ ಮನೆಯಲ್ಲಿ ಕುಳಿತು ರೂಪಿಸಿದರು. ಈ ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ‘ಕನ್ನಡ’ ಎಂಬ ಮಾತಿನಲ್ಲಿ ವಿರಾಮದ ಗುರುತೂ ಸೇರಿ ಐದು ಚಿಹ್ನೆಗಳು, ಆದುದರಿಂದ ಹದಿನೈದು ಬೈಟುಗಳು. ಆದರೆ ನಮ್ಮಲ್ಲಿ ಬಹುಕಾಲ ನಡೆದದ್ದು ಈ ಸಂಹಿತೆಯಲ್ಲ. ಅಚ್ಚಿನ ಅನುಕೂಲಕ್ಕಾಗಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿದ ಫಾಂಟುಗಳು. ಕಾಗದದ ಮೇಲೆ ಅದು ಕನ್ನಡ. ಯಂತ್ರದ ಪಾಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು.

ಇಲ್ಲಿ ನಮ್ಮದೇ ಪ್ರಮಾದವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಬಳಸಿದ ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯವು ಸ್ವೀಡನ್ನಿನಲ್ಲಿ ಹುಟ್ಟಿದ್ದು. ೨೦೧೮ರ ಎಂಟನೆಯ ಆವೃತ್ತಿಯವರೆಗೆ, ಬೇರೆ ಅಪ್ಪಣೆ ಕೊಡದಿದ್ದರೆ ಅದು ಲ್ಯಾಟಿನ್ ಲಿಪಿಯನ್ನೂ ಸ್ವೀಡಿಷ್ ವರ್ಣಕ್ರಮವನ್ನೂ ತಾನಾಗಿಯೇ ಊಹಿಸಿಕೊಳ್ಳುತ್ತಿತ್ತು. ಅಪ್ಪಣೆ ಕೊಡುವುದನ್ನು ನಾವು ಮರೆತೆವು. ಮೂರು ತಿಂಗಳ ಕಾಲ ಸಂಜೆ ಸಂಜೆ ಕುಳಿತು ತುಂಬಿದ ಸೂಚಿಯನ್ನು ಹೊಸ ಸರ್ವರಿಗೆ ಸಾಗಿಸಿ ತೆರೆದು ನೋಡಿದಾಗ, ನಾಗಾವಿ, ಮಳಖೇಡ, ಸನ್ನತಿ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲುಗಳಾಗಿದ್ದುವು. ‘ಕನ್ನಡ’ ಎಂಬಲ್ಲಿ ಐದು ಪ್ರಶ್ನಾರ್ಥಕಗಳು. ಅಕ್ಷರವು ಕೆಟ್ಟು ತೋರುತ್ತಿದ್ದರೆ ತಿದ್ದಬಹುದು. ಇಲ್ಲಿ ಮೂಲದ ಬೈಟುಗಳೇ ಅಳಿದುಹೋಗಿ ಅವುಗಳ ಜಾಗದಲ್ಲಿ ಪ್ರಶ್ನೆಯು ಕುಳಿತಿತ್ತು. ಹಳೆಯ ಯಂತ್ರವನ್ನು ಅದಾಗಲೇ ಬಿಟ್ಟುಕೊಟ್ಟಿದ್ದೆವು; ಅದರ ಡಿಸ್ಕು ಯಾವನೋ ಬೇರೊಬ್ಬ ಒಕ್ಕಲಿನ ಪಾಲಾಗಿತ್ತು. ಕೈಬರಹದ ಕಾಗದಗಳನ್ನು ಎಸೆದಿರಲಿಲ್ಲವಾದುದರಿಂದ ಪುನಃ ತುಂಬಿದೆವು.

ಆ ದಿನ ನನಗೆ ಸನ್ನತಿಯ ನೆನಪಾಯಿತು. ಭೀಮಾತೀರದ ಆ ಕ್ಷೇತ್ರದಲ್ಲಿ, ಚಂದ್ರಲಾಂಬೆಯ ಆವರಣದ ಕಾಳಿಯ ಗುಡಿಯ ಮಾಳಿಗೆಯು ೧೯೮೬ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡೂ ಮಗ್ಗುಲುಗಳಲ್ಲಿ ಬ್ರಾಹ್ಮೀ ಅಕ್ಷರಗಳಿರುವುದು ಬೆಳಕಿಗೆ ಬಂದಿತು. ಅದು ಅಶೋಕನ ಧರ್ಮಲಿಪಿ. ಯಾವ ಕಾಲದಲ್ಲಿಯೋ ಒಬ್ಬ ಕಲ್ಲುಕುಟಿಗನು ಅದನ್ನು ಬರಿಯ ಒಳ್ಳೆಯ ಚಪ್ಪಡಿಯೆಂದು ಭಾವಿಸಿ, ವಿಗ್ರಹವನ್ನು ನಿಲ್ಲಿಸಲು ನಟ್ಟನಡುವೆ ಚೌಕನಾಗಿ ಕೊರೆದುಬಿಟ್ಟಿದ್ದನು. ಆ ಕುಳಿಯಲ್ಲಿದ್ದ ಅಕ್ಷರಗಳು ಹೋದುವು. ಅವನಿಗೆ ಅಕ್ಷರದ ಮೇಲೆ ದ್ವೇಷವಿರಲಿಲ್ಲ. ಓದಲು ಬರುತ್ತಿರಲಿಲ್ಲ, ಹೇಳುವವರೂ ಅಲ್ಲಿರಲಿಲ್ಲ, ಅಷ್ಟೆ. ನಮ್ಮ ದತ್ತಸಂಚಯಕ್ಕೂ ಕನ್ನಡದ ಮೇಲೆ ದ್ವೇಷವಿರಲಿಲ್ಲ.

ಇನ್ನು ನಿತ್ಯದ ಪಾಲನೆಯ ಸಂಗತಿ. ಹೊಸ ಸರ್ವರನ್ನು ಬಾಡಿಗೆಗೆ ಹಿಡಿದಾಗ ಒಂದು ಅಂಕಿಯ ವಿಳಾಸವೂ, ‘ರೂಟ್’ ಎಂಬ ಸರ್ವಾಧಿಕಾರಿಯ ಪ್ರವೇಶವೂ ದೊರೆಯುತ್ತವೆ. ಕದ ತೆರೆದ ಒಂದು ಗಂಟೆಯೊಳಗಾಗಿಯೇ ಲೋಕದ ಯಾವ ಯಾವ ಮೂಲೆಗಳಿಂದಲೋ ಅಪರಿಚಿತರು ಬೀಗವನ್ನು ಅಲುಗಿಸಿ ನೋಡುತ್ತಿರುವುದು ದಾಖಲೆಯ ಕಡತದಲ್ಲಿ ಕಾಣಿಸುತ್ತದೆ. ಮೊದಲ ಸಲ ಅದನ್ನು ಓದಿದವನಿಗೆ ನಿದ್ರೆ ಬಾರದು. ಆಮೇಲೆ ಅದು ಊರ ನಾಯಿಗಳ ಬೊಗಳುವಿಕೆಯಂತೆ ರೂಢಿಯಾಗುತ್ತದೆ. ದೂರದ ಯಂತ್ರವನ್ನು ಪ್ರವೇಶಿಸುವ ಹಳೆಯ ಪದ್ಧತಿಯಲ್ಲಿ ಗುಪ್ತಪದವು ತಂತಿಯ ಮೇಲೆ ಬಯಲಾಗಿಯೇ ಹೋಗುತ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂಥ ಗುಪ್ತಪದಗಳ ಕಳವು ನಡೆದ ಮೇಲೆ, ೧೯೯೫ರಲ್ಲಿ ತಾತು ಊಲೊನೆನ್ ಎಂಬವರು ಎಸ್‌ಎಸ್‌ಎಚ್ ಎಂಬ ಗೂಢಮಾರ್ಗವನ್ನು ರಚಿಸಿದರು. ಈಗ ವಿವೇಕಿಗಳು ಗುಪ್ತಪದವನ್ನು ಪೂರ್ತಿ ನಿಲ್ಲಿಸಿ, ಬೀಗದ ಕೈಯಂಥ ಎರಡು ಕಡತಗಳ ಜೋಡಿಯಿಂದಲೇ ಪ್ರವೇಶಿಸುತ್ತಾರೆ. ಒಂದು ಸರ್ವರಿನಲ್ಲಿರುತ್ತದೆ, ಇನ್ನೊಂದು ಪಾಲಕನ ಬಳಿಯಲ್ಲಿಯೇ ಇರುತ್ತದೆ. ರೂಟನ ಪ್ರವೇಶವನ್ನು ಮುಚ್ಚಿ, ಅಪ್ಲಿಕೇಶನ್ನಿಗೆ ಬೇರೆಯೇ ಒಬ್ಬ ಬಡ ಬಳಕೆದಾರನನ್ನು ನೇಮಿಸಿ, ಬೇಡದ ಬಾಗಿಲುಗಳನ್ನೆಲ್ಲ ಅಗ್ನಿಗೋಡೆಯಿಂದ ಕಟ್ಟಿದ ಮೇಲೆಯೇ ಮುಂದಿನ ಕೆಲಸ.

ಅಪ್ಲಿಕೇಶನ್ನು ಹೊರಗಿನ ಜನರೊಡನೆ ನೇರವಾಗಿ ಮಾತನಾಡುವುದಿಲ್ಲ. ಮುಂಬಾಗಿಲಿನಲ್ಲಿ ಎಂಜಿನ್ಎಕ್ಸ್ ಎಂಬ ದ್ವಾರಪಾಲಕನು ನಿಂತಿರುತ್ತಾನೆ. ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಹತ್ತು ಸಾವಿರ ಮಂದಿಯನ್ನು ಹೇಗೆ ನಿಭಾಯಿಸಬೇಕೆಂಬ ಸಮಸ್ಯೆಗೆ ಉತ್ತರವಾಗಿ ರಷ್ಯದ ಇಗೋರ್ ಸಿಸೊಯೆವ್ ಎಂಬವರು ಇದನ್ನು ೨೦೦೪ರಲ್ಲಿ ಲೋಕಕ್ಕೆ ಕೊಟ್ಟರು. ಚಿತ್ರ ಮೊದಲಾದುವನ್ನು ಇವನೇ ಕೊಟ್ಟು ಕಳುಹಿಸುತ್ತಾನೆ. ಹುಡುಕಾಟದ ಪ್ರಶ್ನೆ ಬಂದರೆ ಮಾತ್ರ ಒಳಗಿನ ಅಪ್ಲಿಕೇಶನ್ನಿಗೆ ದಾಟಿಸುತ್ತಾನೆ. ವಾಡಿ ಜಂಕ್ಷನ್ನಿನಲ್ಲಿ, ೧೮೭೪ರಿಂದ ಇತ್ತ, ಮುಂಬಯಿಯಿಂದ ರಾಯಚೂರಿಗೆ ಹೋಗತಕ್ಕುದು ಒಂದು ಹಳಿಗೂ ಸಿಕಂದರಾಬಾದಿಗೆ ಹೋಗತಕ್ಕುದು ಇನ್ನೊಂದು ಹಳಿಗೂ ತಿರುಗುತ್ತಿರುವುದನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದಾರಿಯಲ್ಲಿ ಯಾರೂ ಕದ್ದು ಓದದಂತೆ ಮಾಡುವ ಪ್ರಮಾಣಪತ್ರಕ್ಕೆ ಹಿಂದೆ ಹಣ ತೆರಬೇಕಾಗಿತ್ತು; ೨೦೧೫ರ ಡಿಸೆಂಬರಿನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಎಲ್ಲರಿಗೂ ಧರ್ಮಾರ್ಥವಾಗಿ ಕೊಡತೊಡಗಿತು. ಆದರೆ ಅವರು ಆರಂಭದಲ್ಲಿ ಅದಕ್ಕೆ ವಿಧಿಸಿದ ಆಯುಸ್ಸು ೯೦ ದಿನಗಳು ಮಾತ್ರ. ನವೀಕರಣದ ವ್ಯವಸ್ಥೆಯು ಒಂದು ಸಲ ಕೆಟ್ಟರೆ, ಸಜ್ಜನವಾದ ಜಾಲತಾಣವೂ ಮರುದಿನ ಬೆಳಿಗ್ಗೆ ವಂಚಕರ ತಾಣದಂತೆ ಎಚ್ಚರಿಕೆಯ ಫಲಕವನ್ನು ಹೊತ್ತು ನಿಲ್ಲುತ್ತದೆ. ಶ್ರಾವಣ ಮಾಸದಲ್ಲಿ ನಮಗೆ ಒಮ್ಮೆ ಹಾಗಾಯಿತು. ಮೊದಲು ತಿಳಿಸಿದವರು ಕಲಬುರಗಿಯ ಒಬ್ಬ ಕಾಲೇಜು ವಿದ್ಯಾರ್ಥಿನಿ.

ಸಣ್ಣ ಸರ್ವರುಗಳ ಸಾವು ಸಾಮಾನ್ಯವಾಗಿ ಶತ್ರುಗಳಿಂದ ಬರುವುದಿಲ್ಲ, ಇಕ್ಕಟ್ಟಿನಿಂದ ಬರುತ್ತದೆ. ಯಂತ್ರದ ಸ್ಮೃತಿ ತುಂಬಿದರೆ ಲಿನಕ್ಸಿನ ಕರ್ನೆಲ್ಲು ತಾನು ಉಳಿಯುವುದಕ್ಕಾಗಿ ಒಂದು ಪ್ರಕ್ರಿಯೆಯನ್ನು ಆರಿಸಿ ಕೊಲ್ಲುತ್ತದೆ. ಹೆಚ್ಚು ಸ್ಮೃತಿಯನ್ನು ಹಿಡಿದವನೇ ಬಲಿಯಾಗುವುದರಿಂದ ಬಹುಸಾರಿ ದತ್ತಸಂಚಯಕ್ಕೇ ಮೃತ್ಯು ತಗಲುತ್ತದೆ. ಸತ್ತವನನ್ನು ಪುನಃ ಎಬ್ಬಿಸಿ ನಿಲ್ಲಿಸುವ ಕೆಲಸವನ್ನು ೨೦೧೦ರಲ್ಲಿ ಬಂದ ಸಿಸ್ಟಂಡಿ ಎಂಬ ಕಾವಲುಗಾರನಿಗೆ ಒಪ್ಪಿಸಬಹುದು. ಆದರೆ ಏಕೆ ಸತ್ತನೆಂಬುದನ್ನು ಅವನು ವಿಚಾರಿಸನು. ಇನ್ನೊಂದು ಬಗೆಯೆಂದರೆ ದಾಖಲೆಯ ಕಡತಗಳು ತಿಂಗಳಾನುಗಟ್ಟಲೆ ಬೆಳೆದು ಡಿಸ್ಕು ತುಂಬುವುದು. ಬೀಗ ಅಲುಗಿಸಿದವರ ಲೆಕ್ಕ ಬರೆದು ಬರೆದೇ ಮನೆ ತುಂಬಿ, ಮನೆಯವರಿಗೆ ಜಾಗವಿಲ್ಲದಂತಾದ ಹಾಗೆ. ಇದನ್ನೆಲ್ಲ ಓದಿ ನಕ್ಕ ಮಿತ್ರರೊಬ್ಬರು, “ಈಗಿನ ದೊಡ್ಡ ಸಂಸ್ಥೆಗಳು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ, ನಿಮಗೇಕೆ ಈ ಜಂಜಾಟ?” ಎಂದರು. ಗೋಡೆಯನ್ನು ಒಡೆಯನು ನೋಡಿಕೊಳ್ಳುತ್ತಾನೆಂಬುದು ದಿಟ. ೨೦೧೮ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳಿಂದ ಒಂದು ಒಕ್ಕಲಿನ ಗುಟ್ಟು ಇನ್ನೊಂದಕ್ಕೆ ಸೋರಬಹುದೆಂದು ತಿಳಿದಾಗ ರಾತ್ರೋರಾತ್ರಿ ಗೋಡೆಗಳಿಗೆ ಗಿಲಾವು ಮಾಡಿದವರು ಅವರೇ. ಆದರೆ ಮನೆಯೊಳಗಿನ ಕಾಗದಗಳು ಯಾರವು, ಯಾವುವು, ಅಕ್ಷರ ಸರಿಯಾಗಿವೆಯೆ ಎಂಬುದನ್ನು ಅವರು ನೋಡುವುದಿಲ್ಲ; ನೋಡಬಾರದು ಕೂಡ.

ಕನ್ನಡದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರ ಎರಡು ಉದಾಹರಣೆಗಳನ್ನು ಹೇಳದೆ ಮುಂದೆ ಹೋಗುವುದು ಸಲ್ಲದು. ೨೦೦೫ರಲ್ಲಿ ಹರಿಪ್ರಸಾದ್ ನಾಡಿಗರು ಡ್ರುಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ‘ಸಂಪದ’ವನ್ನು ಕಟ್ಟಿ, ಯೂನಿಕೋಡ್ ಕನ್ನಡದಲ್ಲಿ ಯಾರು ಬೇಕಾದರೂ ಬರೆಯಬಹುದೆಂಬುದನ್ನು ತೋರಿಸಿಕೊಟ್ಟರು. ಎರಡನೆಯದು ‘ವಚನ ಸಂಚಯ’. ಕರ್ನಾಟಕ ಸರ್ಕಾರವು ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಮಗ್ರ ವಚನ ಸಂಪುಟಗಳನ್ನು ಹೊರತಂದಿತ್ತಷ್ಟೆ. ಆ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಓಂಶಿವಪ್ರಕಾಶ್ ಮೊದಲಾದ ತರುಣರು, ಓ. ಎಲ್. ನಾಗಭೂಷಣಸ್ವಾಮಿಯವರ ಸಹಕಾರದಿಂದ, ಹಳೆಯ ಫಾಂಟಿನ ಸಂಕೇತಗಳಿಂದ ಯೂನಿಕೋಡಿಗೆ ಪರಿವರ್ತಿಸಿ, ಯಾವ ಶಬ್ದವು ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಲು ಬರುವಂತೆ ಮಾಡಿದರು. ಒಂದು ಶಬ್ದದ ಬೆನ್ನು ಹತ್ತಿ ಹದಿನೈದು ಸಂಪುಟಗಳನ್ನು ತಿಂಗಳುಗಟ್ಟಲೆ ಮಗುಚಿದ ಹಿರಿಯರಿಗೆ ಇದರ ಬೆಲೆ ತಿಳಿದೀತು. ಸರ್ಕಾರದ ‘ಭೂಮಿ’ಯ ಕಥೆ ಬೇರೆ, ಈ ಶತಮಾನದ ಆರಂಭದಲ್ಲಿ ೧೭೭ ತಾಲ್ಲೂಕುಗಳ ಪಹಣಿಗಳನ್ನು ಗಣಕಕ್ಕೆ ಏರಿಸಿ, ಒಂದು ಪ್ರತಿಗೆ ೧೫ ರೂಪಾಯಿಗೆ ಕೊಡತೊಡಗಿದ ಆ ಯೋಜನೆಯಲ್ಲಿ ಯಂತ್ರಗಳು ಮೊದಲು ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದುವು. ಅದರ ಹಿಂದೆ ಸರ್ಕಾರದ ಬೊಕ್ಕಸವಿದೆ. ‘ಸಂಪದ’, ‘ವಚನ ಸಂಚಯ’ದಂಥವುಗಳ ಹಿಂದೆ ಇದ್ದುದು ಕೆಲವರ ಸಂಜೆಗಳು. ನನ್ನ ದೃಷ್ಟಿಯಲ್ಲಿ ನಮ್ಮ ಸಾಹಿತ್ಯ ಚರಿತ್ರೆಕಾರರು ಈ ಸಂಜೆಗಳನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಕೊನೆಯದಾಗಿ ಪ್ರತಿಗಳ ವಿಚಾರ. ೨೦೨೧ರ ಮಾರ್ಚ್ ೧೦ರ ರಾತ್ರಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಐದಂತಸ್ತಿನ ಯಂತ್ರಶಾಲೆಯು ಬೆಂಕಿಗೆ ಆಹುತಿಯಾಯಿತು. ಲಕ್ಷಾಂತರ ಜಾಲತಾಣಗಳು ಕಣ್ಮರೆಯಾದುವು. ಹಲವು ತಿರುಗಿ ಬಂದುವು, ಕೆಲವು ಬರಲೇ ಇಲ್ಲ. ಬಾರದವರಲ್ಲಿ ಪ್ರತಿಯನ್ನೇ ಇಡದವರಿದ್ದರು. ಪ್ರತಿಯನ್ನು ಅದೇ ಆವರಣದಲ್ಲಿ ಇರಿಸಿದ್ದವರೂ ಇದ್ದರು. ಆ ಸುದ್ದಿಯನ್ನು ಓದಿದ ವಾರದಲ್ಲಿಯೇ ನಾವು ನಮ್ಮ ವ್ಯವಸ್ಥೆಯನ್ನು ಬದಲಾಯಿಸಿದೆವು. ಆಗಿನಿಂದ ಪ್ರತಿ ರಾತ್ರಿ ಎರಡು ಗಂಟೆಗೆ ಸೂಚಿಯ ಒಂದು ನಕಲು ಆರ್‌ಸಿಂಕ್ ಎಂಬ ಉಪಕರಣದ ಮೂಲಕ ಬೇರೆ ಊರಿನ ಬೇರೆ ಯಂತ್ರಕ್ಕೆ ಹೋಗುತ್ತದೆ. ಹಿಂದಿನ ದಿನಕ್ಕಿಂತ ಬೇರೆಯಾದ ಭಾಗವು ಮಾತ್ರ ಸಾಗುವುದರಿಂದ ಅದಕ್ಕೆ ತಗಲುವ ಕಾಲ ನಿಮಿಷಕ್ಕಿಂತಲೂ ಕಡಿಮೆ. ತಿಂಗಳಿಗೊಮ್ಮೆ ಒಂದು ನಕಲನ್ನು ಡಿಸ್ಕಿನ ಮೇಲೆ ಇಳಿಸಿ ಸಂಘದ ಕಪಾಟಿನಲ್ಲಿ, ಕೈಬರಹದ ಕಾಗದಗಳ ಪಕ್ಕದಲ್ಲಿ ಇಡುತ್ತೇವೆ. ವರ್ಷಕ್ಕೆರಡು ಸಲ ಆ ನಕಲಿನಿಂದ ಬೇರೊಂದು ಯಂತ್ರದಲ್ಲಿ ಸೂಚಿಯನ್ನು ಹೊಸದಾಗಿ ಎಬ್ಬಿಸಿ, ‘ನಾಗಾವಿ’ ಎಂದು ಹುಡುಕಿ, ಅಕ್ಷರಗಳು ಅಕ್ಷರಗಳಾಗಿಯೇ ಬರುತ್ತವೆಯೆಂಬುದನ್ನು ಕಣ್ಣಾರೆ ನೋಡುತ್ತೇವೆ. ಕಳೆದ ಸಲ ಇಬ್ಬರು ಸಾಕಷ್ಟು ತಡವರಿಸಿ, ನಾಲ್ಕು ಗಂಟೆಗಳ ಕಾಲದಲ್ಲಿ ಇದನ್ನು ಮಾಡಿ ಮುಗಿಸಿದರು. ಇವರಿಬ್ಬರಲ್ಲದೆ ಈ ಕೆಲಸವನ್ನು ಬಲ್ಲವರು ಸಂಘದಲ್ಲಿ ಸದ್ಯಕ್ಕೆ ಇನ್ನೊಬ್ಬರಿದ್ದಾರೆ. ನಾಗಾವಿಯ ಸಂಖ್ಯೆಗೆ ಇನ್ನೂ ಮೂವರು ಕಡಿಮೆ. ಕಲಿಯಲು ಮನಸ್ಸುಳ್ಳವರು ಯಾವುದೇ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬರಬಹುದು.